ಗ್ರೀಕ್ ಓದಿದ ಸಾಹುಕಾರ

ಲಕ್ಷ್ಮಿಗೂ ಸರಸ್ವತಿಗೂ ಒಂದೇ ಮನೆಯಲ್ಲಿ ಒಗೆತನ ನಡೆಯದೆಂಬುದು ನಮ್ಮಲ್ಲಿ ಹಳೆಯ ಮಾತು. ಅವರು ಅತ್ತೆ ಸೊಸೆಯರು, ಆದುದರಿಂದಲೇ ಹೀಗೆ ಎಂದು ನಗುತ್ತ ಕಾರಣ ಹೇಳುವವರೂ ಉಂಟು. ಜರ್ಮನಿಯ ಹ್ಯಾಂಬರ್ಗ್ ನಗರದ ವಾರ್‌ಬರ್ಗ್ ಎಂಬ ಯೆಹೂದಿ ಮನೆತನದಲ್ಲಿ ಈ ಜಗಳವು ಒಂದು ಕರಾರಿನಿಂದ ತೀರಿತೆಂದು ಪ್ರತೀತಿ. ೧೭೯೮ರಲ್ಲಿ ಸ್ಥಾಪಿತವಾದ ಎಂ. ಎಂ. ವಾರ್‌ಬರ್ಗ್ ಬ್ಯಾಂಕಿಗೆ ಹಿರಿಯ ಮಗನಾಗಿ ಒಡೆಯನಾಗಬೇಕಿದ್ದ ಆಬಿ ವಾರ್‌ಬರ್ಗ್, ಹದಿಮೂರರ ಹುಡುಗನಾಗಿದ್ದಾಗಲೇ, ತನ್ನ ಜ್ಯೇಷ್ಠತ್ವದ ಹಕ್ಕನ್ನು ಒಂದು ವರ್ಷಕ್ಕೆ ಕಿರಿಯನಾದ ತಮ್ಮ ಮ್ಯಾಕ್ಸನಿಗೆ ಬಿಟ್ಟುಕೊಟ್ಟನಂತೆ. ಪ್ರತಿಫಲವಾಗಿ ಕೇಳಿದುದು ಒಂದೇ: ತಾನು ಬಯಸಿದ ಪುಸ್ತಕಗಳನ್ನೆಲ್ಲ ತಮ್ಮ ಕೊಂಡುಕೊಡತಕ್ಕದ್ದು. ಗಯಟೆ, ಷಿಲ್ಲರರ ಗ್ರಂಥಗಳಿಗೆ ಎಷ್ಟು ಮಹಾ ಹಣ ಬೇಕಾದೀತೆಂದು ಮ್ಯಾಕ್ಸ್ ಒಪ್ಪಿಬಿಟ್ಟನು. ತನ್ನ ಬಾಳಿನಲ್ಲಿ ಬರೆದುಕೊಟ್ಟ ಅತಿ ದೊಡ್ಡ ಮೊತ್ತದ ಖಾಲಿ ಚೆಕ್ಕು ಅದೇ ಎಂದು ಮುಂದೆ ಅವನೇ ಹಾಸ್ಯಮಾಡುತ್ತಿದ್ದನು. ಆಬಿ ೧೯೨೯ರಲ್ಲಿ ತೀರಿಕೊಂಡನು. ಅವನು ಕೂಡಿಸಿದ ಗ್ರಂಥಭಂಡಾರ ಬೆಳೆದು ಸುಮಾರು ಅರವತ್ತು ಸಾವಿರ ಸಂಪುಟಗಳಾಗಿ, ಹಿಟ್ಲರನ ಆಳ್ವಿಕೆ ಬಂದ ವರ್ಷದ ಡಿಸೆಂಬರಿನಲ್ಲಿ ಎರಡು ಸಣ್ಣ ಹಡಗುಗಳನ್ನೇರಿ ಲಂಡನ್ನಿಗೆ ಬಂದು ಸೇರಿತು. ಕಲೆಯ ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ವಾರ್‌ಬರ್ಗ್ ಎಂದರೆ ಇಂದಿಗೂ ಆ ಪುಸ್ತಕಗಳೇ.

ಆದರೆ ನಾನು ಹೇಳಹೊರಟಿರುವುದು ಆಬಿಯ ಕಥೆಯನ್ನಲ್ಲ. ಪುಸ್ತಕಗಳ ಹಿಂದೆಯೇ, ಕೆಲವೇ ತಿಂಗಳ ಅಂತರದಲ್ಲಿ, ಅದೇ ಮನೆತನದ ದಾಯಾದಿ ಕವಲೊಂದರ ಯುವಕನೊಬ್ಬ ಲಂಡನ್ನಿಗೆ ಬಂದಿಳಿದನು. ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ತಲೆಯಲ್ಲಿ ಗ್ರೀಕ್, ಲ್ಯಾಟಿನ್ ಮತ್ತು ಜರ್ಮನ್ ಕಾವ್ಯ ತುಂಬಿದ್ದವು. ಮೂವತ್ತು ವರ್ಷಗಳೊಳಗೆ ಆತ ಲಂಡನ್ ನಗರದ ಹಣಕಾಸಿನ ಪದ್ಧತಿಯನ್ನೇ ಬುಡಮೇಲು ಮಾಡಿದನು. ಸರ್ ಸೀಗ್‌ಮಂಡ್ ವಾರ್‌ಬರ್ಗ್ ಎಂಬ ಆ ವ್ಯಕ್ತಿಯ ಜೀವನವು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಎಷ್ಟು ಬೇಕೋ, ಸಾಹಿತ್ಯವನ್ನು ಓದುವವರಿಗೂ ಅಷ್ಟೇ ಬೇಕಾದದ್ದೆಂದು ನನಗೆ ತೋರುತ್ತದೆ.

ಸೀಗ್‌ಮಂಡ್ ಹುಟ್ಟಿದುದು ೧೯೦೨ರ ಸೆಪ್ಟೆಂಬರ್ ೩೦ರಂದು, ಟ್ಯೂಬಿಂಗೆನ್ ಪಟ್ಟಣದಲ್ಲಿ. ಹೆಗೆಲ್, ಹೋಲ್ಡರ್‌ಲಿನ್, ಷೆಲ್ಲಿಂಗ್ ಮೂವರೂ ಜೊತೆಗೂಡಿ ಓದಿದ ಊರು ಅದು. ತಂದೆ ಬ್ಯಾಂಕಿನ ಕಡೆಗೆ ತಲೆಹಾಕದೆ, ಉರಾಖ್ ಎಂಬ ಊರಿನ ಬಳಿಯ ಗುಡ್ಡಗಾಡಿನಲ್ಲಿ ಊಹೆನ್‌ಫೆಲ್ಸ್ ಎಂಬ ಜಮೀನನ್ನು ನೋಡಿಕೊಂಡಿದ್ದ ಮನುಷ್ಯ. ಹುಡುಗ ಒಬ್ಬನೇ ಮಗ. ಅವನನ್ನು ರೂಪಿಸಿದವಳು ತಾಯಿ ಲೂಸಿ. ಪ್ರತಿರಾತ್ರಿ ಮಲಗುವ ಮುನ್ನ ಆ ದಿನದ ತಪ್ಪುಗಳನ್ನು ಮಗನು ತಾನೇ ಎಣಿಸಿ ನೋಡಿಕೊಳ್ಳಬೇಕೆಂಬುದು ಅವಳ ಕಟ್ಟಳೆ. ಎರಡು ದಾರಿಗಳು ಎದುರಾದಾಗ ಯಾವುದು ಹೆಚ್ಚು ಕಷ್ಟವೋ ಅದನ್ನೇ ಹಿಡಿ ಎಂದು ಅವಳು ಹೇಳಿದುದನ್ನು, ಮುದುಕನಾದ ಮೇಲೂ ಆತ ನೆನೆಯುತ್ತಿದ್ದನು. ಓದು ನಡೆದುದು ಉರಾಖಿನ ಪ್ರಾಟೆಸ್ಟೆಂಟ್ ಪಾದ್ರಿಗಳ ಗುರುಕುಲದಲ್ಲಿ. ನೂರು ವರ್ಷಗಳ ಹಿಂದೆ ಮ್ಯೋರಿಕೆ ಕವಿ ವಿದ್ಯಾರ್ಥಿಯಾಗಿದ್ದ ಆ ಶಾಲೆಯಲ್ಲಿ ಯೆಹೂದಿ ಬಾಲಕನೊಬ್ಬ ಕುಳಿತು ಪ್ರಾಚೀನ ಭಾಷೆಗಳನ್ನು ಕಲಿತನು. ಈ ಶಿಕ್ಷಣದ ಗುರುತು ಅವನ ಮೇಲೆ ಎಂದೆಂದಿಗೂ ಅಳಿಯಲಿಲ್ಲ. ಬಡ್ಡಿಯ ದರವನ್ನು ಬಾಯಿಪಾಠವಾಗಿ ಹೇಳಬಲ್ಲವರು ಲಂಡನ್ನಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಒಂದು ಕಾಗದದ ವಾಕ್ಯರಚನೆಯಲ್ಲಿ ವಿಭಕ್ತಿ ತಪ್ಪಿದರೆ ನಿದ್ದೆಗೆಡುವ ಸಾಹುಕಾರ ಬಹುಶಃ ಅವನೊಬ್ಬನೇ.

ಹುಡುಗನಿಗೆ ಆಸೆಯಿದ್ದುದು ರಾಜಕಾರಣದಲ್ಲಿ. ಮ್ಯಾಕ್ಸನೇ ಅವನನ್ನು ಹ್ಯಾಂಬರ್ಗಿಗೆ ಕರೆದುಕೊಂಡು ಉಮೇದುವಾರಿಗೆ ಹಾಕಿದನು. ಅಲ್ಲಿಂದ ಲಂಡನ್ನಿನ ರಾಥ್ಸ್‌ಚೈಲ್ಡ್ ಮನೆ, ಅಮೆರಿಕದ ಬಾಸ್ಟನ್, ನ್ಯೂಯಾರ್ಕಿನ ಕೂನ್ ಲೋಬ್ ಸಂಸ್ಥೆ, ಹೀಗೆ ಊರೂರು ತಿರುಗಿ ಕಸಬನ್ನು ಕಲಿತನು. ೧೯೨೬ರಲ್ಲಿ ಸ್ವೀಡನ್ನಿನ ಬ್ಯಾಂಕರೊಬ್ಬನ ಮಗಳಾದ ಈವಾ ಫಿಲಿಪ್‌ಸನ್ನಳನ್ನು ಮದುವೆಯಾದನು. ೧೯೩೦ರಲ್ಲಿ ಮನೆತನದ ಬ್ಯಾಂಕಿನಲ್ಲಿ ಪಾಲುದಾರನಾಗಿ ಬರ್ಲಿನ್ನಿನ ಕಚೇರಿಯನ್ನು ವಹಿಸಿಕೊಂಡನು.

ಆಮೇಲೆ ೧೯೩೩ ಬಂತು. ಹಿಟ್ಲರನ ಮಂತ್ರಿಮಂಡಲದಲ್ಲಿ ವಿದೇಶಾಂಗ ಸಚಿವನಾಗಿದ್ದ ನಾಯ್ರಾಟ್, ಸೀಗ್‌ಮಂಡನ ನಾಡಿನವನೇ, ಮನೆಯವರಿಗೆ ಪರಿಚಿತ. ನಡೆಯುತ್ತಿರುವ ಅನ್ಯಾಯವನ್ನು ತಡೆಯಿರೆಂದು ಕೇಳಲು ಸೀಗ್‌ಮಂಡ್ ಅವನ ಬಳಿಗೆ ಹೋದನು. ತನ್ನ ಕೈಯಲ್ಲಿ ಏನೂ ಇಲ್ಲವೆಂದು ಮಂತ್ರಿ ಹೇಳಿದನಂತೆ. ಮಂತ್ರಿಯ ಕೈಯಲ್ಲೇ ಏನೂ ಇಲ್ಲದ ದೇಶದಲ್ಲಿ ತನಗೇನು ಕೆಲಸವೆಂಬುದು ಅಂದೇ ಇವನಿಗೆ ಹೊಳೆಯಿತು. ಹಿರಿಯನಾದ ಮ್ಯಾಕ್ಸ್‌ಗೆ ಹೊಳೆಯಲಿಲ್ಲ. ದೊಡ್ಡ ಮರವು ಬಿರುಗಾಳಿಗೆ ಬಾಗಿ ಮತ್ತೆ ನಿಲ್ಲುತ್ತದೆಂಬ ಭರವಸೆಯಿಂದ ಅವನು ಹ್ಯಾಂಬರ್ಗಿನಲ್ಲೇ ಉಳಿದನು. ೧೯೩೮ರಲ್ಲಿ ಬ್ಯಾಂಕು ಕೈಬಿಟ್ಟುಹೋಗಿ, ಅವನೂ ಸಮುದ್ರವನ್ನು ದಾಟಬೇಕಾಯಿತು. ಸೀಗ್‌ಮಂಡನು ೧೯೩೪ರ ವಸಂತದಲ್ಲಿಯೇ ಹೆಂಡತಿ ಮಕ್ಕಳೊಡನೆ ಲಂಡನ್ನಿನಲ್ಲಿದ್ದನು. ವಿವೇಕವೆಂದರೆ ಮುಂದಿನದನ್ನು ಕಾಣುವುದು ಮಾತ್ರವಲ್ಲ, ಕಂಡದ್ದನ್ನು ನಂಬುವುದು. ಈ ಎರಡನೆಯದು ಶ್ರೀಮಂತರಿಗೆ ಬಡವರಿಗಿಂತ ಕಷ್ಟವೆಂದು ಕಾಣುತ್ತದೆ.

ಆ ವರ್ಷವೇ ಒಂದು ಸಣ್ಣ ಸಂಸ್ಥೆಯನ್ನು ಹೂಡಿದನು. ಅದಕ್ಕೆ ತನ್ನ ಹೆಸರನ್ನಿಡಲಿಲ್ಲ, ಬರಿದೆ ‘ನ್ಯೂ ಟ್ರೇಡಿಂಗ್ ಕಂಪನಿ’ ಎಂದು ಕರೆದನು. ಬೇಗನೆ ಜೊತೆಗೂಡಿದವನು ಹೆನ್ರಿ ಗ್ರುನ್‌ಫೆಲ್ಡ್, ಸೈಲೀಷಿಯ ಪ್ರಾಂತದ ಉಕ್ಕಿನ ವ್ಯಾಪಾರಗಾರರ ಮನೆಯವನು, ೧೯೦೪ರಲ್ಲಿ ಹುಟ್ಟಿದವನು, ಅವನೂ ನಿರಾಶ್ರಿತನೇ. ಸೀಗ್‌ಮಂಡ್ ಉರಿಯಾದರೆ ಗ್ರುನ್‌ಫೆಲ್ಡ್ ನೀರು. ಯಾವ ವ್ಯವಹಾರದಲ್ಲೇ ಆಗಲಿ ಎಲ್ಲಿ ಕಾಲು ಜಾರೀತೆಂದು ಮೊದಲು ಕಾಣುತ್ತಿದ್ದವನು ಗ್ರುನ್‌ಫೆಲ್ಡ್. ಯಾವ ಬಾಗಿಲನ್ನು ತಟ್ಟಬೇಕೆಂದು ಕಾಣುತ್ತಿದ್ದವನು ಸೀಗ್‌ಮಂಡ್. ಬರ್ಲಿನ್, ವಿಯೆನ್ನಾಗಳಿಂದ ತಪ್ಪಿಸಿಕೊಂಡು ಬಂದ ಇನ್ನೂ ಕೆಲವರು ಸೇರಿದರು. ಹಿರಿಯರ ಈ ಗುಂಪಿಗೆ ಕಚೇರಿಯಲ್ಲಿ ‘ಅಂಕಲ್‌ಗಳು’ ಎಂದೇ ಹೆಸರು ಬಿತ್ತು. ಮಾತು ಜರ್ಮನ್ನಿನಲ್ಲಿ, ಪತ್ರ ಇಂಗ್ಲಿಷಿನಲ್ಲಿ. ೧೯೩೯ರಲ್ಲಿ ಸೀಗ್‌ಮಂಡನಿಗೆ ಬ್ರಿಟಿಷ್ ಪೌರತ್ವ ಬಂತು. ಯುದ್ಧ ಮುಗಿದು ೧೯೪೬ರಲ್ಲಿ ಸಂಸ್ಥೆಗೆ ‘ಎಸ್. ಜಿ. ವಾರ್‌ಬರ್ಗ್ ಮತ್ತು ಕಂಪನಿ’ ಎಂಬ ಹೆಸರು ಬಂತು.

ಇಲ್ಲಿ ಆ ಕಸಬಿನ ಬಗೆಗೆ ಒಂದು ಮಾತು ಹೇಳುವುದವಶ್ಯ. ಬ್ಯಾಂಕೆಂದರೆ ನಮ್ಮ ಕಣ್ಣಮುಂದೆ ಬರುವುದು ಠೇವಣಿಯ ಪಾಸ್‌ಪುಸ್ತಕ, ಚಿನ್ನದ ಮೇಲಿನ ಸಾಲ, ಕಿಟಕಿಯ ಮುಂದಿನ ಸಾಲು. ಲಂಡನ್ನಿನಲ್ಲಿ ‘ಮರ್ಚಂಟ್ ಬ್ಯಾಂಕ್’ ಎಂದೂ ಅಮೆರಿಕದಲ್ಲಿ ‘ಇನ್ವೆಸ್ಟ್‌ಮೆಂಟ್ ಬ್ಯಾಂಕ್’ ಎಂದೂ ಕರೆಯುವ ಮನೆಗಳು ಬೇರೆಯ ಜಾತಿಯವು. ಕಾರ್ಖಾನೆಗೋ ಸರ್ಕಾರಕ್ಕೋ ದೊಡ್ಡ ಮೊತ್ತ ಬೇಕಾದಾಗ ಅದನ್ನು ಷೇರು ಅಥವಾ ಸಾಲಪತ್ರಗಳಾಗಿ ರೂಪಿಸಿ, ಹಣವುಳ್ಳವರ ಕೈಗೆ ಮಾರಿಕೊಡುವುದು, ಒಂದು ಕಂಪನಿ ಮತ್ತೊಂದನ್ನು ಕೊಳ್ಳುವಾಗ ಬೆಲೆಯನ್ನೂ ತಂತ್ರವನ್ನೂ ಹೇಳಿಕೊಡುವುದು, ಇವು ಅಲ್ಲಿನ ಮುಖ್ಯ ಕೆಲಸ. ಅವರು ಮಾರುವ ಸರಕು ಹಣಕ್ಕಿಂತ ಹೆಚ್ಚಾಗಿ ಸಲಹೆ. ಆದುದರಿಂದ ಅಲ್ಲಿ ನಡೆಯುವ ನಾಣ್ಯ ಒಂದೇ, ನಂಬಿಕೆ. ಸೀಗ್‌ಮಂಡ್ ತನ್ನನ್ನು ವೈದ್ಯನೊಡನೆ ಹೋಲಿಸಿಕೊಳ್ಳುತ್ತಿದ್ದನೇ ಹೊರತು ಅಂಗಡಿಕಾರನೊಡನೆ ಅಲ್ಲ.

ಆದರೆ ೧೯೫೦ರ ಸುಮಾರಿನ ಲಂಡನ್ನಿನ ಸಾಹುಕಾರರ ಕೇರಿಯಲ್ಲಿ ಈ ವೈದ್ಯನನ್ನು ಒಳಗೆ ಕರೆಯುವವರು ಕಡಿಮೆ. ಅದು ಮನೆತನಗಳ ಕೇರಿ. ಒಂದೇ ಬಗೆಯ ಶಾಲೆಗಳಲ್ಲಿ ಓದಿ, ಒಂದೇ ಬಗೆಯ ಟೋಪಿ ಹಾಕಿ, ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ಕಳೆದು, ಶುಕ್ರವಾರ ಬೇಗನೆ ಹಳ್ಳಿಯ ಬಂಗಲೆಗೆ ಹೊರಡುವ ಸಭ್ಯರು ಅವರು. ಜರ್ಮನ್ ಉಚ್ಚಾರಣೆಯ ಈ ಮನುಷ್ಯನಾದರೋ ಬೆಳಗಾದರೆ ಸಭೆ ಕರೆಯುವನು. ಬಂದ ಪತ್ರಗಳನ್ನೆಲ್ಲ ನಿರ್ದೇಶಕರೆಲ್ಲ ಓದಬೇಕೆನ್ನುವನು. ಗಿರಾಕಿಯನ್ನು ಕಾಣಲು ಒಬ್ಬರೇ ಹೋಗಕೂಡದೆನ್ನುವನು. ನಡೆದ ಮಾತನ್ನು ಅಂದೇ ಬರೆದಿಡಿಸುವನು. ಕಚೇರಿಯಲ್ಲಿ ಊಟಕ್ಕೆ ಎರಡು ಪಂಕ್ತಿ, ಹನ್ನೆರಡೂವರೆಗೊಂದು, ಒಂದೂವರೆಗೊಂದು. ಒಂದೇ ಮಧ್ಯಾಹ್ನದಲ್ಲಿ ಎರಡು ತಂಡ ಅತಿಥಿಗಳನ್ನು ಉಪಚರಿಸಬಹುದಲ್ಲ! ಎರಡು ಪಂಕ್ತಿಯಲ್ಲೂ ಯಜಮಾನನೇ ಕುಳಿತದ್ದುಂಟು. ೧೯೫೭ರಲ್ಲಿ ಸೆಲಿಗ್‌ಮನ್ ಸಹೋದರರ ಹಳೆಯ ಮನೆಯನ್ನು ಕೊಂಡು, ಅದರ ಮೂಲಕ ಪ್ರತಿಷ್ಠಿತರ ಸಮಿತಿಯಲ್ಲಿ ಒಂದು ಪೀಠವನ್ನೇನೋ ದೊರಕಿಸಿಕೊಂಡನು. ಪೀಠ ದೊರಕಿತು, ಮನ್ನಣೆ ದೊರಕಲಿಲ್ಲ.

ಆ ಮನ್ನಣೆಯ ಪ್ರಶ್ನೆ ಇತ್ಯರ್ಥವಾದುದು ಒಂದು ಕಾಳಗದಲ್ಲಿ. ೧೯೫೮ರ ಕೊನೆಯಲ್ಲಿ ಬ್ರಿಟಿಷ್ ಅಲ್ಯೂಮಿನಿಯಂ ಎಂಬ ಕಂಪನಿಯ ಮೇಲೆ ಎರಡು ಕಣ್ಣುಗಳು ಬಿದ್ದವು. ಕಂಪನಿಯ ಆಡಳಿತ ಮಂಡಲಿ ಅಮೆರಿಕದ ಆಲ್ಕೋವಾ ಸಂಸ್ಥೆಗೆ ಮೂರನೆಯ ಒಂದು ಪಾಲನ್ನು ಷೇರಿಗೆ ೬೦ ಷಿಲ್ಲಿಂಗಿನಂತೆ ಕೊಡಲು ಗುಟ್ಟಾಗಿ ಒಪ್ಪಿಕೊಂಡಿತ್ತು. ಮತ್ತೊಂದು ಕಡೆ ಅಮೆರಿಕದ ರೆನಾಲ್ಡ್ಸ್ ಸಂಸ್ಥೆ, ಇಂಗ್ಲೆಂಡಿನದೇ ಆದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯೊಡನೆ ಕೂಡಿ, ೭೮ ಷಿಲ್ಲಿಂಗ್ ಕೊಡಲು ಸಿದ್ಧವಾಗಿತ್ತು. ಇವರ ಮಂತ್ರಿ ವಾರ್‌ಬರ್ಗ್. ಆಡಳಿತ ಮಂಡಲಿಯ ಅಧ್ಯಕ್ಷನು ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಸೇನೆಯ ಮುಖ್ಯಸ್ಥನಾಗಿದ್ದ ಲಾರ್ಡ್ ಪೋರ್ಟಲ್. ಅವನ ಸಲಹೆಗಾರರು ಲಜಾರ್ಡ್ಸ್, ಹ್ಯಾಂಬ್ರೋಸ್ ಎಂಬ ಎರಡು ಮಹಾ ಮನೆಗಳು. ಹೆಚ್ಚು ಬೆಲೆ ಕೊಡುವವರು ಬಾಗಿಲಲ್ಲಿ ನಿಂತಿರುವ ಸಂಗತಿಯನ್ನು ಷೇರುದಾರರಿಗೆ ತಿಳಿಸುವ ಅಗತ್ಯವೇ ಈ ದೊಡ್ಡ ಮನುಷ್ಯರಿಗೆ ತೋರಲಿಲ್ಲ. ಕಂಪನಿ ಷೇರುದಾರರದ್ದು ಎಂಬುದು ಕಾಯಿದೆಯ ಪುಸ್ತಕದಲ್ಲಿತ್ತು, ಅವರ ಮನಸ್ಸಿನಲ್ಲಿರಲಿಲ್ಲ.

ಸೀಗ್‌ಮಂಡ್ ನೇರವಾಗಿ ಆ ಷೇರುದಾರರ ಬಳಿಗೆ ಹೋದನು. ಪತ್ರಿಕೆಯವರನ್ನು ಕರೆದು ವಿವರಿಸಿದನು. ಇದೂ ಅಲ್ಲಿನವರ ಎಣಿಕೆಯಲ್ಲಿ ಮರ್ಯಾದೆಗೇಡು. ಕೂಡಲೇ ಕೇರಿಯ ಹದಿನಾಲ್ಕು ಸಂಸ್ಥೆಗಳು ಒಟ್ಟಾಗಿ, ವರ್ಷದ ಕೊನೆಯ ದಿನ, ಅರ್ಧದಷ್ಟು ಷೇರುಗಳಿಗೆ ೮೨ ಷಿಲ್ಲಿಂಗ್ ಕೊಡುತ್ತೇವೆಂದು ಮುಂದೆ ಬಂದವು. ರಾಷ್ಟ್ರಹಿತದ ಮಾತೂ ಎದ್ದಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಕಾಬೋಲ್ಡ್ ಹುಬ್ಬು ಗಂಟಿಕ್ಕಿದನು; ಅಂದಿನ ಲಂಡನ್ನಿನಲ್ಲಿ ಆ ಹುಬ್ಬೇ ಅರ್ಧ ಶಾಸನ. ಆದರೆ ವಾರ್‌ಬರ್ಗನ ಕೂಟದಲ್ಲಿ ಶೇಕಡಾ ೫೧ ಪಾಲು ಬ್ರಿಟಿಷ್ ಕಂಪನಿಯದೇ ಆಗಿದ್ದುದರಿಂದ ರಾಷ್ಟ್ರಹಿತದ ಬಾಣಕ್ಕೆ ಮೊನೆಯಿರಲಿಲ್ಲ. ಆತನ ಪಕ್ಷದವರು ಪೇಟೆಯಲ್ಲಿ ಷೇರುಗಳನ್ನು ಕೊಳ್ಳುತ್ತಲೇ ಹೋದರು. ೧೯೫೯ರ ಜನವರಿ ಎರಡನೆಯ ವಾರದೊಳಗೆ ಅರ್ಧಕ್ಕಿಂತ ಹೆಚ್ಚು ಅವರ ಕೈಯಲ್ಲಿತ್ತು. ಹೆಚ್ಚು ಬೆಲೆ ಕೊಟ್ಟವನಿಗೆ ಸಾಮಾನ್ಯ ಷೇರುದಾರ ಮಾರಿದ್ದನು, ಅಷ್ಟೆ. ಸೋತವರಲ್ಲಿ ಕೆಲವರು ಗೆದ್ದವನೊಡನೆ ಮಾತು ಬಿಟ್ಟರು.

ಈ ಗೆಲುವಿನಿಂದ ಇಂಗ್ಲೆಂಡಿನ ವ್ಯಾಪಾರದ ಇತಿಹಾಸದಲ್ಲಿ ಒಂದು ಬಾಗಿಲು ತೆರೆಯಿತು. ಆಡಳಿತಗಾರರ ಇಷ್ಟಕ್ಕೆ ವಿರುದ್ಧವಾಗಿ ಕಂಪನಿಗಳನ್ನು ಕೊಂಡುಹಾಕುವುದು ವಾಡಿಕೆಯಾಯಿತು. ಸೋಮಾರಿ ಆಡಳಿತಗಾರರು ಎಚ್ಚೆತ್ತರು, ನಿಜ. ಕೊಂಡ ಕಂಪನಿಯನ್ನು ಹರಿದು ಹಂಚಿ ಲಾಭ ಮಾಡುವವರೂ ಅದೇ ಬಾಗಿಲಿನಿಂದ ಒಳಬಂದರು. ಅಂಥವರನ್ನು ಕಂಡರೆ ಸೀಗ್‌ಮಂಡನಿಗೆ ಆಗುತ್ತಿರಲಿಲ್ಲ. ಇಂಥ ಕಾಳಗಗಳಿಗೆ ನಿಯಮ ಬೇಕೆಂದು ೧೯೬೮ರಲ್ಲಿ ಒಂದು ಪಂಚಾಯಿತಿ ಏರ್ಪಟ್ಟಿತು. ಮರುವರ್ಷ ಅದರ ಮಹಾನಿರ್ದೇಶಕನಾಗಿ ಬಂದವನು ವಾರ್‌ಬರ್ಗನ ಕಚೇರಿಯಲ್ಲೇ ಪಳಗಿದ ಇಯಾನ್ ಫ್ರೇಸರ್. ಅದೇ ಫ್ರೇಸರ್ ಮುಂದೆ ಲಜಾರ್ಡ್ಸ್ ಮನೆಗೆ ಅಧ್ಯಕ್ಷನಾದನು. ಕಾದಂಬರಿಕಾರ ಬರೆದಿದ್ದರೆ ವಿಮರ್ಶಕರು ಅತಿಯಾಯಿತೆನ್ನುತ್ತಿದ್ದರು.

ಸೀಗ್‌ಮಂಡನ ಇನ್ನೊಂದು ಕಾರ್ಯ ಹೆಚ್ಚು ಸದ್ದಿಲ್ಲದ್ದು, ಪರಿಣಾಮದಲ್ಲಿ ಹೆಚ್ಚು ದೊಡ್ಡದು. ಯುದ್ಧಾನಂತರ ಅಮೆರಿಕದ ಡಾಲರುಗಳು ಸಹಾಯಧನವಾಗಿ, ಸೇನೆಯ ಖರ್ಚಾಗಿ, ವ್ಯಾಪಾರವಾಗಿ ಯುರೋಪಿಗೆ ಹರಿದು ಬಂದು ಅಲ್ಲಿನ ಬ್ಯಾಂಕುಗಳಲ್ಲಿ ನಿಂತಿದ್ದವು. ಅಮೆರಿಕದಲ್ಲಿ ಠೇವಣಿಯ ಬಡ್ಡಿಗೆ ಸರ್ಕಾರದ ಕಟ್ಟುಪಾಡು ಇದ್ದುದರಿಂದ ಅವು ತೌರಿಗೆ ಮರಳಲು ಬಯಸಲಿಲ್ಲ. ಆದರೂ ಯುರೋಪಿನ ಕಂಪನಿಗೆ ಡಾಲರ್ ಸಾಲ ಬೇಕೆಂದರೆ ನ್ಯೂಯಾರ್ಕಿಗೇ ಹೋಗಬೇಕು, ಅಲ್ಲಿನ ಸಾಹುಕಾರರಿಗೇ ದಲ್ಲಾಳಿ ತೆರಬೇಕು. ಕೆರೆ ಊರ ಮುಂದೆಯೇ ಇರುವಾಗ ನೀರಿಗೆ ಏಳು ಹರದಾರಿ ಏಕೆ ನಡೆಯಬೇಕೆಂಬುದು ಸೀಗ್‌ಮಂಡನ ಪ್ರಶ್ನೆ. ಲಂಡನ್ ಮತ್ತೆ ಲೋಕದ ಹಣದ ಪೇಟೆಯಾಗಬೇಕೆಂದು ಆಗಿನ ಗವರ್ನರ್ ಕ್ರೋಮರನಿಗೂ ಆಸೆಯಿತ್ತು.

ಉಪಾಯ ಹೇಳಲು ಸುಲಭ. ಆಚರಣೆಗೆ ತರುವುದರಲ್ಲಿ ಅಡಿಗಡಿಗೆ ಮುಳ್ಳು. ಇಂಗ್ಲೆಂಡಿನಲ್ಲಿ ಸಹಿ ಹಾಕಿದರೆ ಸ್ಟಾಂಪು ತೆರಿಗೆ. ಇಂಗ್ಲೆಂಡಿನಲ್ಲಿ ಬಡ್ಡಿ ಕೊಟ್ಟರೆ ವರಮಾನ ತೆರಿಗೆ. ಗ್ರುನ್‌ಫೆಲ್ಡ್, ಗರ್ಟ್ ವಿಟ್‌ಮನ್, ಫ್ರೇಸರ್ ಮೊದಲಾದವರು ತಿಂಗಳುಗಟ್ಟಲೆ ಕಾಯಿದೆಗಳನ್ನು ಜಾಲಾಡಿದರು. ಕೊನೆಗೆ ೧೯೬೩ರ ಜುಲೈ ೧ರಂದು ಹೊರಟ ಸಾಲಪತ್ರದ ಜಾತಕ ಹೀಗಿದೆ: ಸಾಲಗಾರ ಇಟಲಿಯ ಹೆದ್ದಾರಿಗಳ ಕಂಪನಿ ಆಟೋಸ್ಟ್ರಾಡೆ; ಮೊತ್ತ ಒಂದೂವರೆ ಕೋಟಿ ಡಾಲರ್; ೨೫೦ ಡಾಲರುಗಳ ೬೦,೦೦೦ ಪತ್ರಗಳು; ಬಡ್ಡಿ ಶೇಕಡಾ ಐದೂವರೆ; ಅವಧಿ ಹದಿನೈದು ವರ್ಷ. ಪತ್ರ ಲಂಡನ್ನಿನ ಷೇರುಪೇಟೆಯಲ್ಲಿ ದಾಖಲು, ಬಡ್ಡಿಯ ಬಟವಾಡೆ ಲಕ್ಸೆಂಬರ್ಗಿನಲ್ಲಿ, ಸಹಿ ಹಾಲೆಂಡಿನ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ! ಇಟಲಿಯ ರಸ್ತೆ, ಅಮೆರಿಕದ ನಾಣ್ಯ, ಇಂಗ್ಲೆಂಡಿನ ಪೇಟೆ, ಡಚ್ಚರ ನೆಲ, ಇವನ್ನೆಲ್ಲ ಒಂದು ಕಾಗದದಲ್ಲಿ ಹೊಲಿದವನು ಜರ್ಮನಿಯಿಂದ ಓಡಿಬಂದ ಯೆಹೂದಿ. ಆ ತಿಂಗಳ ೧೮ರಂದೇ ಅಧ್ಯಕ್ಷ ಕೆನೆಡಿ, ಅಮೆರಿಕನ್ನರು ಕೊಳ್ಳುವ ವಿದೇಶಿ ಸಾಲಪತ್ರಗಳ ಮೇಲೆ ತೆರಿಗೆ ಹಾಕುವ ಸೂಚನೆ ಹೊರಡಿಸಿದನು. ನ್ಯೂಯಾರ್ಕಿನ ಬಾಗಿಲು ಮುಚ್ಚಿತು. ಲಂಡನ್ನಿನ ಹೊಸ ಪೇಟೆಗೆ ಜನ ನುಗ್ಗಿದರು. ‘ಯುರೋಬಾಂಡ್’ ಎಂದು ಇಂದು ಹೆಸರಾಗಿರುವುದರ ಮೂಲ ಇದೇ.

ಯುರೋಪಿನ ದೇಶಗಳು ಒಂದರ ಕೊರಳನ್ನು ಒಂದು ಹಿಚುಕದಂತೆ ಹಣದ ಹಗ್ಗದಿಂದಲಾದರೂ ಅವನ್ನು ಹೆಣೆಯಬೇಕೆಂಬ ಕನಸು ಸೀಗ್‌ಮಂಡನಿಗಿತ್ತು. ಅದನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆ ಪತ್ರದ ಮೇಲೆ ಕೊಂಡವರ ಹೆಸರಿರುತ್ತಿರಲಿಲ್ಲ. ಯಾರ ಕೈಯಲ್ಲಿದ್ದರೆ ಅವರದು. ತೆರಿಗೆಯ ಅಧಿಕಾರಿಯ ಕಣ್ಣು ತಪ್ಪಿಸಿ ಲಕ್ಸೆಂಬರ್ಗಿಗೆ ರೈಲು ಹತ್ತಿ ಬಡ್ಡಿ ತರುವ ‘ಬೆಲ್ಜಿಯಮ್ಮಿನ ದಂತವೈದ್ಯ’ ಆ ಪೇಟೆಯಲ್ಲಿ ಗಾದೆಯ ಮಾತೇ ಆದನು. ದೇಶಗಳ ಕಟ್ಟಳೆಗಳ ನಡುವಣ ಸಂದಿಯಲ್ಲಿ ಹಣ ನುಸುಳಿ ಬಾಳುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರಲ್ಲಿ ಈ ಸದಾಚಾರಿಯೂ ಒಬ್ಬನೆಂಬುದನ್ನು ಅವನ ಅಭಿಮಾನಿಗಳು ಮರೆಸಬಾರದು.

ಇನ್ನು ಮನುಷ್ಯನ ವಿಚಾರ. ಸ್ಟೆಫಾನ್ ಜ್ವೈಗ್‌ನ ಪರಿಚಯ ಆತನಿಗಿತ್ತು. ಥಾಮಸ್ ಮಾನ್‌ನ ಕಾದಂಬರಿಗಳು, ನೀಟ್ಷೆ, ಗ್ರೀಕ್ ನಾಟಕಗಳು ನಿತ್ಯದ ಸಂಗಾತಿಗಳು. ಓದಿದಲ್ಲಿ ಕಂಡ ಸೂಕ್ತಿಗಳನ್ನು ಬರೆದಿಡುತ್ತ ಅದನ್ನೊಂದು ಪುಸ್ತಕ ಮಾಡಬೇಕೆಂದಿದ್ದನು, ಮಾಡಲಿಲ್ಲ. ಅಂಗಡಿಯ ಲೆಕ್ಕ ಮಾತ್ರ ಬಲ್ಲವರಿಗಿಂತ ಇತಿಹಾಸವನ್ನೋ ಪ್ರಾಚೀನ ಭಾಷೆಗಳನ್ನೋ ಓದಿದ ಹುಡುಗರು ಲೇಸೆಂಬುದು ಅವನ ಎಣಿಕೆ. ಕೆಲಸಕ್ಕೆ ಬಂದವನೊಡನೆ ಬ್ಯಾಂಕಿನ ಮಾತಾಡುವ ಮೊದಲು ಏನು ಓದುತ್ತಿದ್ದೀ ಎಂದು ವಿಚಾರಿಸುತ್ತಿದ್ದನು. ಪತ್ರದಲ್ಲಿ ಅಲ್ಪವಿರಾಮ ತಪ್ಪಿದರೂ ಟೆಲಿಫೋನಿನಲ್ಲಿ ಸಿಡಿಲು. ಉಪಾಧ್ಯಾಯರಾದ ವಾಚಕರು ಇಲ್ಲಿಯವರೆಗೆ ಸಂತೋಷಪಟ್ಟಿರಬಹುದು. ಆದರೆ ಉಮೇದುವಾರರ ಕೈಬರಹವನ್ನು ಜೂರಿಚ್ಚಿನ ಲಿಪಿಪರೀಕ್ಷಕಿಯೊಬ್ಬಳಿಗೆ ಕಳುಹಿಸಿ, ಅಕ್ಷರದ ಬಾಲ ಕೊಂಬುಗಳಿಂದ ಅವರ ಗುಣವನ್ನು ನಿರ್ಣಯಿಸುತ್ತಿದ್ದನೆಂದರೆ? ಕೈಬರಹದಿಂದ ಸ್ವಭಾವ ತಿಳಿಯುವುದೆಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ಇಷ್ಟು ಓದಿದವನು ಇದನ್ನು ನಂಬಿದನು, ಅಷ್ಟೆ. ಮನುಷ್ಯರನ್ನು ನಂಬಿ ಒಮ್ಮೆ ದೇಶವನ್ನೇ ಕಳೆದುಕೊಂಡವನು, ಅವರೊಳಗನ್ನು ಕಾಣಲು ಯಾವ ಕಿಂಡಿ ಸಿಕ್ಕಿದರೂ ಬಗ್ಗಿ ನೋಡುತ್ತಿದ್ದನೇನೋ.

ಹಣ ಕೂಡಿಡುವ ಮೋಹ ಕಡಿಮೆ. ವಿಹಾರನೌಕೆ, ಕುದುರೆಲಾಯ ಇವು ಅವನಿಗೆ ಬೇಸರದ ವಸ್ತುಗಳು. ೧೯೬೬ರಲ್ಲಿ ‘ಸರ್’ ಪದವಿ ಬಂತು. ೧೯೭೩ರಲ್ಲಿ ಸ್ವಿಟ್ಸರ್ಲೆಂಡಿನ ಬ್ಲೋನೆಗೆ ಹೋಗಿ ನೆಲಸಿದನು. ಅಲ್ಲಿಂದಲೂ ದಿನವೂ ಟೆಲಿಫೋನು. ಆ ದಿನಗಳ ಅವನ ಕಾಗದಗಳಲ್ಲಿ ಒಂದೇ ಭಯ ಮರಳಿ ಮರಳಿ ಬರುತ್ತದೆ: ಸಂಸ್ಥೆ ದೊಡ್ಡದಾಗುತ್ತಿದೆ, ಕೊಬ್ಬುತ್ತಿದೆ, ಗೆಲುವಿನ ಅಮಲು ಏರುತ್ತಿದೆ. ೧೯೮೨ರ ಅಕ್ಟೋಬರ್ ೧೮ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಭಯ ಸುಳ್ಳಾಗಲಿಲ್ಲ. ೧೯೮೬ರಲ್ಲಿ ಲಂಡನ್ ಪೇಟೆಯ ಹಳೆಯ ಕಟ್ಟುಗಳೆಲ್ಲ ಒಮ್ಮೆಲೇ ಸಡಿಲಿದಾಗ, ವಾರ್‌ಬರ್ಗ್ ಸಂಸ್ಥೆ ಷೇರು ದಲ್ಲಾಳಿಗಳ ಮೂರು ಮನೆಗಳನ್ನು ನುಂಗಿ ಬ್ರಿಟನ್ನಿನ ಅಗ್ರಗಣ್ಯ ಬ್ಯಾಂಕಾಯಿತು. ಸಲಹೆಯ ಜೊತೆಗೆ ಪೇಟೆಯ ಜೂಜೂ ಸೇರಿತು. ೧೯೯೪ರ ಕೊನೆಯಲ್ಲಿ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿಯೊಡನೆ ಆಗಬೇಕಿದ್ದ ಸಂಬಂಧ ಮುರಿದುಬಿತ್ತು. ೧೯೯೫ರಲ್ಲಿ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್ ಅದನ್ನು ಸುಮಾರು ೮೬ ಕೋಟಿ ಪೌಂಡಿಗೆ ಕೊಂಡಿತು. ಕೊಂಡ ಬ್ಯಾಂಕು ೧೯೯೮ರಲ್ಲಿ ಮತ್ತೊಂದರೊಡನೆ ಕೂಡಿ ಯು. ಬಿ. ಎಸ್. ಆಯಿತು. ೨೦೦೩ರಲ್ಲಿ ಫಲಕದಿಂದ ವಾರ್‌ಬರ್ಗ್ ಎಂಬ ಹೆಸರನ್ನೂ ತೆಗೆದುಹಾಕಿದರು.

ಮಾರಾಟವಾದಾಗ ಗ್ರುನ್‌ಫೆಲ್ಡ್‌ಗೆ ತೊಂಬತ್ತರ ಮೇಲೆ ವಯಸ್ಸು. ಸ್ವಿಸ್ ಯಜಮಾನರು ಅವನ ಕೋಣೆಯನ್ನು ಅವನಿಗೇ ಬಿಟ್ಟಿದ್ದರು. ೧೯೯೯ರ ಜೂನಿನಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಮುದುಕ ಕಚೇರಿಗೆ ಬರುತ್ತಲೇ ಇದ್ದನು.